ಸ್ವಂತ ಪುಸ್ತಕ, ಮಂಚದ ಕೆಳಗಿನ ಕಟ್ಟುಗಳು, ಕಸೂತಿ: ನಿಮ್ಮ ದಿನ ಹೇಗೆ ಸಾಗುತ್ತದೆ?

ಗವಂತಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜೊತೆಗೆ ಕಥೆ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಮೊದಲ ಕಥಾಸಂಕಲನವನ್ನು ನಾನೇ ದುಡ್ಡು ಹಾಕಿ ಅಚ್ಚು ಹಾಕಿಸಿದೆ. ಸಾವಿರ ಪ್ರತಿ. ಇವತ್ತಿಗೆ 410 ಹೋಗಿವೆ. ಉಳಿದವು ಮಂಚದ ಕೆಳಗೆ ಕಟ್ಟು ಕಟ್ಟಾಗಿ ಇವೆ. ಮಳೆಗಾಲ ಬಂದರೆ ಗೆದ್ದಲಿನ ಭಯ. ತಿಂಗಳಿಗೊಮ್ಮೆ ಎಲ್ಲವನ್ನೂ ಹೊರಗೆ ಎಳೆದು, ಕಸ ಹೊಡೆದು, ಬೇವಿನ ಎಲೆ ಹಾಕಿ ಮತ್ತೆ ಒಳಗೆ ತಳ್ಳುತ್ತೇನೆ.

ಈಗ ಎರಡನೇ ಪುಸ್ತಕ ಮುಗಿಯುತ್ತಾ ಬಂದಿದೆ. ಅದಕ್ಕೇ ನಿಮ್ಮನ್ನೆಲ್ಲ ಕೇಳೋಣ ಅನಿಸಿತು.

ನನ್ನ ದಿನ ಹೀಗಿದೆ. ಬೆಳಿಗ್ಗೆ ಐದಕ್ಕೆ ಎದ್ದರೆ ಆರೂಕಾಲರವರೆಗೆ ಬರವಣಿಗೆ. ಆಮೇಲೆ ರೊಟ್ಟಿ, ಪಲ್ಯ, ಡಬ್ಬಿ, ಬಸ್ಸು. ಸಂಜೆ ಬಂದ ಮೇಲೆ ಪುಸ್ತಕದ ಕೆಲಸ. ಯಾರು ಕೇಳಿದ್ದಾರೆ, ಯಾರು ದುಡ್ಡು ಹಾಕಿದ್ದಾರೆ, ಯಾರ ಪಿನ್‌ಕೋಡ್ ತಪ್ಪಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಶನಿವಾರ ಅರ್ಧ ದಿನ ಶಾಲೆ. ಅವತ್ತು ಪಾರ್ಸೆಲ್ ಎಲ್ಲ ಕಟ್ಟಿ ಅಂಚೆ ಕಚೇರಿಗೆ ಹೋಗುತ್ತೇನೆ.

ರಾತ್ರಿ ಊಟ ಆದ ಮೇಲೆ ಮುಕ್ಕಾಲು ಗಂಟೆ ಕಸೂತಿ. ಇದು ನಮ್ಮ ಅಜ್ಜಿ ಕಲಿಸಿದ್ದು. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಹಾಕುವ ಹಾಗಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಒಂದು ಸಲ ಮುಂದೆ ಹೋಗುತ್ತೀರಿ, ನಡುನಡುವೆ ಖಾಲಿ ಬಿಡುತ್ತೀರಿ. ವಾಪಸ್ ಬರುವಾಗ ಆ ಖಾಲಿ ತುಂಬುತ್ತದೆ. ಗಂಟು ಹಾಕುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಆಗಲೇ ಗೊತ್ತಾಗುವುದಿಲ್ಲ. ಮೂವತ್ತು ನಲವತ್ತು ಹೊಲಿಗೆ ಆದ ಮೇಲೆ ಗೋಪುರದ ವಿನ್ಯಾಸದ ತುದಿ ಕೂಡುವುದಿಲ್ಲ. ಆಗ ಅಲ್ಲಿಯವರೆಗೆ ಬಿಚ್ಚಬೇಕು. ಈ ಮುಕ್ಕಾಲು ಗಂಟೆ ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ನನಗೆ ಒಂದು ಸಾಲೂ ಬರುವುದಿಲ್ಲ. ಯಾಕೆ ಅಂತ ಗೊತ್ತಿಲ್ಲ, ಆದರೆ ಇದು ನಿಜ.

ನನ್ನ ಪ್ರಶ್ನೆ ಎರಡು. ಈ ಸಲ ಎಷ್ಟು ಪ್ರತಿ ಹಾಕಿಸಲಿ? ಇನ್ನೊಂದು, ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಕಸೂತಿ ಮಾರು, ಆ ದುಡ್ಡಲ್ಲಿ ಪುಸ್ತಕ ಮಾಡು." ನನಗೆ ಮನಸ್ಸಾಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?


ಅಚ್ಚುಮೊಳೆ, ಗದಗ

ತಂಗಿ, ನಾನು ಬರೆಯುವವನಲ್ಲ, ಬರೆದವರ ಪುಸ್ತಕ ಕಟ್ಟುವವನು. ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಆಮೇಲೆ ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವ ಪೇಜ್‌ಮೇಕರ್ ಕಲಿತೆ. ಪ್ರತಿಗಳ ವಿಷಯದಲ್ಲಿ ನನ್ನ ಮಾತು ಇಷ್ಟು: ಮುನ್ನೂರು ಹಾಕಿಸಿ. ಆಫ್‌ಸೆಟ್‌ನಲ್ಲಿ ಸಾವಿರ ಹಾಕಿಸಿದರೆ ಒಂದೊಂದು ಪ್ರತಿಗೆ ಖರ್ಚು ಕಡಿಮೆ ಬೀಳುತ್ತದೆ, ಅದು ಖರೆ. ಅದೇ ಆಸೆಗೆ ಎಲ್ಲರೂ ಸಾವಿರ ಹಾಕಿಸುತ್ತಾರೆ. ಆದರೆ ಮಂಚದ ಕೆಳಗಿನ 590 ಪ್ರತಿಗಳ ಕಾಗದದ ದುಡ್ಡನ್ನೂ ನೀವೇ ಕೊಟ್ಟಿದ್ದೀರಿ. ಆ ಲೆಕ್ಕ ಹಾಕಿ ನೋಡಿ, ನೀವು ಗಣಿತದವರು. ಈಗ ಡಿಜಿಟಲ್‌ನಲ್ಲಿ ಐವತ್ತು ನೂರು ಪ್ರತಿಯೂ ಮಾಡಿಕೊಡುತ್ತಾರೆ. ಖಾಲಿಯಾದ ಮೇಲೆ ಮತ್ತೆ ಹಾಕಿಸಬಹುದು.

ಇನ್ನೊಂದು ಮಾತು. ಪುಟಗಳನ್ನು ಹದಿನಾರರ ಲೆಕ್ಕಕ್ಕೆ ತನ್ನಿ. ಡೆಮಿ ಅಷ್ಟದಳ ಅಂದರೆ ಸಾಮಾನ್ಯ ಕಥೆ ಪುಸ್ತಕದ ಅಳತೆ. ಅದರಲ್ಲಿ ಹದಿನಾರು ಪುಟಕ್ಕೆ ಒಂದು ಫಾರ್ಮು, ಅಂದರೆ ಎರಡೂ ಕಡೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆ. 128 ಪುಟ ಅಂದರೆ ಸರಿಯಾಗಿ ಎಂಟು ಫಾರ್ಮು. 131 ಆದರೆ ಮೂರು ಪುಟಕ್ಕೋಸ್ಕರ ಇನ್ನೊಂದು ಫಾರ್ಮಿನ ಕೆಲಸ. ಒಂದು ಕಥೆಯಲ್ಲಿ ಒಂದು ಪ್ಯಾರಾ ಕಡಿಮೆ ಮಾಡಿದರೆ ಮುಗಿಯಿತು. ಬರಹಗಾರರಿಗೆ ಇದು ಹೇಳಿದರೆ ಬೇಜಾರಾಗುತ್ತಾರೆ, ಆದರೆ ಕಡಿಮೆ ಮಾಡಿದ ಮೇಲೆ ಅವರೇ ಫೋನ್ ಮಾಡಿ ಚೆನ್ನಾಗಿ ಆಯಿತು ಅಂದದ್ದೂ ಉಂಟು.

ನನ್ನ ಹವ್ಯಾಸ ಹಾರ್ಮೋನಿಯಂ. ಸೋಮವಾರ ಭಜನೆಗೆ ನುಡಿಸುತ್ತೇನೆ. ದಿನವಿಡೀ ಅಕ್ಷರ ನೋಡಿದ ಕಣ್ಣಿಗೆ ಅಕ್ಷರ ಇಲ್ಲದ ಕೆಲಸ ಬೇಕು.


ಮಲೆನಾಡಿನ ಮಳೆ, ಸಾಗರ

ಅಕ್ಕಾ, ನಿಮ್ಮ ಬರಹ ಓದಿ ನನ್ನ ಮನೆಯನ್ನೇ ನೋಡಿದ ಹಾಗಾಯಿತು. ನನ್ನದು ಕವಿತೆ ಪುಸ್ತಕ. ಇನ್ನೂರೇ ಪ್ರತಿ ಹಾಕಿಸಿದ್ದು, 180 ಹೋಗಿವೆ.

ಮಾರಬೇಕಾ ಬೇಡವಾ ಅನ್ನುವುದರಲ್ಲಿ ಮಾತ್ರ ನಾನು ಬೇರೆ ಮಾತು ಹೇಳುತ್ತೇನೆ. ನಾನು ಹಸೆ ಚಿತ್ತಾರ ಬರೆಯುತ್ತೇನೆ. ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಬರೆಯುತ್ತಾರೆ. ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ಅಮ್ಮ ಇದನ್ನೆಲ್ಲ ಮಾಡುವುದನ್ನು ನೋಡುತ್ತಾ ಬೆಳೆದವಳು ನಾನು. ಈಗ ಗೋಡೆ ಬದಲು ಬಟ್ಟೆ ಮೇಲೂ ಹಲಗೆ ಮೇಲೂ ಬರೆದು ಕೊಡುತ್ತೇನೆ. ಆ ದುಡ್ಡಿನಲ್ಲೇ ನನ್ನ ಪುಸ್ತಕದ ಕಾಗದ ಬಂತು. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಅಮ್ಮಂದಿರು ಮಾಡಿದ ಕೆಲಸಕ್ಕೆ ಯಾರೂ ಬೆಲೆ ಕೊಡಲಿಲ್ಲ. ಈಗ ಕೊಡುತ್ತಾರೆ ಅಂದರೆ ತಗೊಳ್ಳಬೇಕು ಅಲ್ವಾ?

ಆದರೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ಎರಡೇ ಆರ್ಡರ್. ಒಮ್ಮೆ ದೀಪಾವಳಿಗೆ ಹನ್ನೊಂದು ಒಪ್ಪಿಕೊಂಡೆ. ಆ ಇಡೀ ತಿಂಗಳು ಒಂದು ಕವಿತೆಯೂ ಬರಲಿಲ್ಲ, ಬೆರಳು ನೋವು ಬೇರೆ. ಅದಾದ ಮೇಲೆ ಜಾಸ್ತಿ ಒಪ್ಪಿಕೊಂಡಿಲ್ಲ.


ಕಡಲತಡಿ, ಉಡುಪಿ

ನಮಸ್ಕಾರ ಮೇಡಂ. ನಾನು ಪಕ್ಷಿಗಳ ಬಗ್ಗೆ ಮಕ್ಕಳಿಗಾಗಿ ಎರಡು ಪುಸ್ತಕ ತಂದಿದ್ದೇನೆ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಗದ್ದೆ, ಹೊಳೆ ಬದಿ ಸುತ್ತುವುದೇ ನನ್ನ ಹವ್ಯಾಸ.

ಬರವಣಿಗೆ, ಪ್ರಕಟಣೆ, ಕೈಕೆಲಸ ಮೂರೂ ಒಟ್ಟಿಗೆ ಹೋಗುವುದು ನಮ್ಮಲ್ಲಿ ಹೊಸತೇನಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟುಕೊಂಡಿದ್ದರು. ಚಿತ್ರವೂ ಅವರದೇ, ಅಚ್ಚಿನ ಕೆಲಸವೂ ಅವರದೇ. ಮತ್ತೆ ಯಕ್ಷಗಾನ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಕಾಫಿ ತೋಟ ನೋಡಿಕೊಂಡರು, ಹಕ್ಕಿಗಳ ಫೋಟೋ ತೆಗೆದರು, ಮೀನು ಹಿಡಿದರು. ಕಂಪ್ಯೂಟರ್‌ನಲ್ಲಿ ಕನ್ನಡ ಸರಿಯಾಗಿ ಬರಬೇಕು ಅಂತ ಹಟ ಹಿಡಿದವರಲ್ಲಿ ಅವರೂ ಒಬ್ಬರು. ಇವರ ಕೈಗೆ ಕೆಲಸ ಜಾಸ್ತಿ ಇತ್ತು, ಬರಹ ಕಡಿಮೆಯಾಗಲಿಲ್ಲ.

ಹೊಸಬರಿಗೆ ಉಪಯೋಗ ಆಗಲಿ ಅಂತ ಎರಡು ವಿಷಯ ಹೇಳುತ್ತೇನೆ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ನಮ್ಮ ದೇಶದಲ್ಲಿ ದುಡ್ಡಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಆನ್‌ಲೈನ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. "ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ" ಅಂತ ಯಾರಾದರೂ ಹೇಳಿದರೆ ಮೊದಲು ನೀವೇ ಪ್ರಯತ್ನ ಮಾಡಿ. ಇನ್ನೊಂದು, 1954ರ ಪುಸ್ತಕ ಸಲ್ಲಿಕೆ ಕಾಯಿದೆ ಇದೆ. ಅದರ ಪ್ರಕಾರ ಪ್ರಕಾಶಕರು ಮೂವತ್ತು ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ನಾವೇ ಪ್ರಕಾಶಕರಾದರೆ ಆ ಜವಾಬ್ದಾರಿ ನಮ್ಮದೇ. ನಾನು ಮೊದಲ ಪುಸ್ತಕಕ್ಕೆ ಕಳಿಸಿರಲಿಲ್ಲ, ಎರಡನೆಯದಕ್ಕೆ ಕಳಿಸಿದೆ. ನಾವು ಹೋದ ಮೇಲೂ ಒಂದು ಪ್ರತಿ ಎಲ್ಲೋ ಒಂದು ಕಡೆ ಇರುತ್ತದೆ.


ಗವಂತಿ, ಧಾರವಾಡ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗದಗದ ಅಣ್ಣಾವರೇ, ನನ್ನ ಮೊದಲ ಪುಸ್ತಕ ನಿಜವಾಗಿಯೂ 131 ಪುಟವೇ ಇತ್ತು! ನೀವು ಹೇಗೆ ಊಹಿಸಿದಿರೋ.

ಇನ್ನೊಂದು ಸಂಗತಿ ಹೇಳಿರಲಿಲ್ಲ. ಆ ಪುಸ್ತಕದ ಬೈಂಡಿಂಗ್ ಚೆನ್ನಾಗಿ ಆಗಿರಲಿಲ್ಲ. ಎಲ್ಲಿ ಮಾಡಿಸಿದೆ ಅನ್ನುವುದು ಬೇಡ. ಕಳಿಸಿ ಮೂರು ತಿಂಗಳಿಗೆ ಒಬ್ಬ ಓದುಗರು ಫೋನ್ ಮಾಡಿದರು. "ಮೇಡಂ, ಕಥೆ ಚೆನ್ನಾಗಿದೆ, ಆದರೆ ಹಾಳೆ ಕೈಗೆ ಬರುತ್ತಿದೆ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಇನ್ನೂ ಕೆಲವರು ಹೇಳಿದರು. ಒಟ್ಟು 38 ಪ್ರತಿ ವಾಪಸ್ ತರಿಸಿಕೊಂಡೆ, ಅಂಚೆ ಖರ್ಚು ನಾನೇ ಕೊಟ್ಟೆ.

ಬೇರೆ ಪ್ರತಿ ಕಳಿಸಬಹುದಿತ್ತು. ಆದರೆ ಬೇರೆ ಪ್ರತಿಗಳ ಅಂಟೂ ಅದೇ ಅಲ್ವಾ. ಕೊನೆಗೆ ದಬ್ಬಣ ತಗೊಂಡೆ. ಗೋಣಿ ಚೀಲ ಹೊಲಿಯುತ್ತಾರಲ್ಲ, ಅದೇ. ಪುಸ್ತಕವನ್ನು ಎರಡು ಹಲಗೆ ನಡುವೆ ಒತ್ತಿ ಹಿಡಿದು, ಬೆನ್ನಿನಿಂದ ಒಂದು ಬೆರಳಿನಷ್ಟು ಒಳಗೆ ಐದು ತೂತು ಮಾಡಿದೆ. ಮೇಣ ಸವರಿದ ದಾರ. ನಡುವಿನ ತೂತಿನಿಂದ ಶುರು ಮಾಡಿ ಒಂದು ತುದಿಗೆ ಹೋಗಿ, ವಾಪಸ್ ಬಂದು, ಇನ್ನೊಂದು ತುದಿಗೆ ಹೋಗಿ, ಮತ್ತೆ ನಡುವಿಗೆ. ಮೂರನೇ ಪುಸ್ತಕ ಹೊಲಿಯುವಾಗ ಗೊತ್ತಾಯಿತು, ಇದು ಗವಂತಿಯೇ. ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬುವುದು. ನನ್ನ ಕೈಗೆ ಮೊದಲೇ ಬರುತ್ತಿತ್ತು, ತಲೆಗೆ ತಡವಾಗಿ ತಿಳಿಯಿತು. 38 ಪುಸ್ತಕ ಹೊಲಿಯಲು ಒಂದು ಬೇಸಿಗೆ ರಜೆ ಬೇಕಾಯಿತು. ಒಂದೊಂದು ಪ್ರತಿಯ ಒಳಗೂ ಒಂದು ಸಾಲು ಬರೆದು ಕಳಿಸಿದೆ.

ಆ ರಜೆಯಲ್ಲೇ ಎರಡನೇ ಪುಸ್ತಕದ ಮೊದಲ ಕಥೆ ಹುಟ್ಟಿತು. ಕೈ ಹೊಲಿಯುತ್ತಿತ್ತು, ಕಿವಿಯಲ್ಲಿ ಆ ಕಥೆಯ ಮುದುಕಿ ಮಾತಾಡುತ್ತಿದ್ದಳು.


ಮೈಸೂರಿನ ಓದುಗಿ

ನಾನು ಬರೆಯುವವಳಲ್ಲ, ಓದುವವಳು. ಆ 38 ಪ್ರತಿಗಳಲ್ಲಿ ಒಂದು ನನ್ನ ಹತ್ತಿರ ಇದೆ ಅಂತ ಈಗ ತಾನೇ ಗೊತ್ತಾಯಿತು. ಕೆಂಪು ದಾರ. ಒಳಗೆ "ಈ ಸಲ ಬಿಡುವುದಿಲ್ಲ" ಅಂತ ಬರೆದಿದ್ದಿರಿ. ನಾನು ಅದನ್ನು ನನ್ನ ತಂಗಿಗೂ ಕೊಟ್ಟಿಲ್ಲ.

ಓದುಗರ ಕಡೆಯಿಂದ ಒಂದು ಮಾತು. ಪುಸ್ತಕ ತಲುಪಲು ಹತ್ತು ದಿನ ಆದರೂ ನಮಗೆ ಬೇಜಾರಿಲ್ಲ. ಆದರೆ "ಇವತ್ತು ಕಳಿಸಿದೆ" ಅಂತ ಒಂದು ಮೆಸೇಜ್ ಬಂದರೆ ಸಾಕು, ಕಾಯಲು ಖುಷಿಯಾಗುತ್ತದೆ.

ನಂಜನಗೂಡಿನ ತಿರುಮಲಾಂಬ ಅವರನ್ನು ಇಲ್ಲಿ ನೆನೆಯಬೇಕು ಅನಿಸಿತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಸತೀಹಿತೈಷಿಣೀ ಅಂತ ಸ್ವಂತ ಗ್ರಂಥಮಾಲೆ ಶುರು ಮಾಡಿ ತನ್ನ ಪುಸ್ತಕ ತಾನೇ ತಂದಳು ಅಂದರೆ ಸುಮ್ನೆ ಮಾತಲ್ಲ. ಆಮೇಲೆ ಪತ್ರಿಕೆಯನ್ನೂ ನಡೆಸಿದರು. ಕೊನೆಯ ದಿನಗಳಲ್ಲಿ ಕನ್ನಡದವರು ಅವರನ್ನು ಮರೆತೇಬಿಟ್ಟಿದ್ದರು. 1982ರಲ್ಲಿ ತೀರಿಕೊಂಡರು. ಅವರನ್ನು ನೆನೆದಾಗ ಪ್ರತಿ ಸಲ ನನಗೆ ಗಂಟಲು ಕಟ್ಟುತ್ತದೆ.


ಹಾವೇರಿ ಹುಡುಗ

ತಿರುಮಲಾಂಬ ಅವರ ಹೆಸರು ಬಂದ ಮೇಲೆ ನಮ್ಮ ಗಳಗನಾಥರನ್ನು ಬಿಡುವ ಹಾಗಿಲ್ಲ. ಮೇಷ್ಟ್ರಾಗಿದ್ದವರು. ಬರೆದ ಕಾದಂಬರಿಗಳನ್ನು ಗಂಟು ಕಟ್ಟಿ ಹೊತ್ತುಕೊಂಡು ಊರೂರಿಗೆ ಹೋಗಿ ಮಾರಿದರು. ನಮ್ಮ ಅಜ್ಜ ಈ ಕಥೆ ಹೇಳುವಾಗ ಎದ್ದು ನಿಂತೇ ಹೇಳುತ್ತಿದ್ದರು.

ನನಗೆ 24 ವರ್ಷ. ಮೊದಲ ಪುಸ್ತಕ ತರಬೇಕು ಅಂತಿದ್ದೇನೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ಅರ್ಜಿ ಹಾಕುತ್ತೇನೆ. ನಾನು ಮೊಬೈಲ್‌ನಲ್ಲೇ ಯೂನಿಕೋಡ್‌ನಲ್ಲಿ ಬರೆಯುವುದು. ಡಿಟಿಪಿಯವರು ಅದನ್ನು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಬೇಕು ಅಂದರು. ಬದಲಾಯಿಸಿ, ಮತ್ತೆ ಯೂನಿಕೋಡ್‌ಗೆ ತಂದು ಕೊಟ್ಟ ಪುಟ ನೋಡಿದರೆ ಎಲ್ಲ ಕಡೆ 'ಕನಾರ್ಟಕ' ಅಂತ ಬಂದಿದೆ. ಹೀಗೇಕೆ?


ಅಚ್ಚುಮೊಳೆ, ಗದಗ

ತಮ್ಮಾ, ಅದು ಅರ್ಕಾವತ್ತಿನ ತೊಂದರೆ. ಹಳೆಯ ನುಡಿ ಅಕ್ಷರಗಳಲ್ಲಿ ನಾವು ಕಾಣುವ ಹಾಗೆ ಬರೆಯುತ್ತೇವೆ. 'ನಾ' ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ಹೇಳುವ ಹಾಗೆ. 'ರ್' ಮೊದಲು, 'ನಾ' ಆಮೇಲೆ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಈ ಹಿಂದು ಮುಂದು ಸರಿಯಾಗಿ ಆಗದಿದ್ದರೆ ವರ್ಷ ಹೋಗಿ 'ವಷರ್' ಆಗುತ್ತದೆ, ಧರ್ಮ ಹೋಗಿ 'ಧಮರ್' ಆಗುತ್ತದೆ. ಎರಡು ದಾರಿ ಇವೆ. ಒಂದು, ಯೂನಿಕೋಡ್‌ನಲ್ಲೇ ಪುಟ ಕಟ್ಟುವವರನ್ನು ಹುಡುಕಿ. ಇನ್‌ಡಿಸೈನ್‌ನಲ್ಲಿ ಈಗ ಆಗುತ್ತದೆ. ಅಕ್ಷರಗಳೂ ಒಳ್ಳೆಯವು ಬಂದಿವೆ. ನೋಟೋ ಸೆರಿಫ್, ತಿರೋ ಕನ್ನಡ ಪುಸ್ತಕಕ್ಕೆ ಹೊಂದುತ್ತವೆ. ಇಲ್ಲದಿದ್ದರೆ ಕರಡನ್ನು ಅರ್ಕಾವತ್ತಿಗೋಸ್ಕರವೇ ಒಂದು ಸಲ ಬೇರೆಯಾಗಿ ಓದಿ. ಕಥೆ ಓದಬಾರದು, ಬರೀ ಅರ್ಕಾವತ್ತು ನೋಡುತ್ತಾ ಹೋಗಬೇಕು. ಹಾಳೆಯ ಕೆಳಗಿನಿಂದ ಮೇಲಕ್ಕೆ ಓದಿದರೆ ಇನ್ನೂ ಒಳ್ಳೆಯದು. ಆಗ ಅರ್ಥ ಅಡ್ಡ ಬರುವುದಿಲ್ಲ.

ಬೈಂಡಿಂಗ್ ಸಂಗತಿ ಓದಿ ಬೇಸರವಾಯಿತು ತಂಗಿ. ಬೆನ್ನು ಸರಿಯಾಗಿ ಉಜ್ಜದೆ ಬಿಸಿ ಅಂಟು ಹಾಕಿದರೆ ಹಾಳೆ ಹಿಡಿಯುವುದಿಲ್ಲ. ಈ ಸಲ ಮೊದಲ ಒಂದು ಪ್ರತಿ ಕೈಗೆ ತಗೊಂಡು, ನಡುವಿಗೆ ತೆರೆದು ಬೆನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಆ ಪ್ರತಿ ತಾಳಿದರೆ ಉಳಿದದ್ದಕ್ಕೆ ಹೂಂ ಅನ್ನಿ. ಸಾಧ್ಯವಾದರೆ ಫಾರ್ಮು ಹೊಲಿದು ಕಟ್ಟಿಸಿ. ಸ್ವಲ್ಪ ಜಾಸ್ತಿ ಖರ್ಚು, ಆದರೆ ಇಪ್ಪತ್ತು ವರ್ಷ ಇರುತ್ತದೆ.


ಸಿಂಗಪುರದಿಂದ

ನಾವು ಹೊರಗಿರುವವರು. ನಮಗೆ ಒಂದು ಪುಸ್ತಕ ತರಿಸಿದರೆ ಪುಸ್ತಕದ ಬೆಲೆಗಿಂತ ಅಂಚೆ ಖರ್ಚು ಎಷ್ಟೋ ಪಟ್ಟು. ಊರಿಗೆ ಬಂದಾಗ ಸೂಟ್‌ಕೇಸ್‌ನಲ್ಲಿ ಹೊತ್ತು ತರುತ್ತೇವೆ. ದಯವಿಟ್ಟು ಇ-ಪುಸ್ತಕವನ್ನೂ ಮಾಡಿ. ಕನ್ನಡದ್ದೇ ಆ್ಯಪ್‌ಗಳು ಈಗ ಇವೆ. ಮಗಳಿಗೆ ರಾತ್ರಿ ಒಂದೊಂದು ಕಥೆ ಓದಿ ಹೇಳುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ಕೇಳಲು ಬರುತ್ತದೆ.


ಮಲೆನಾಡಿನ ಮಳೆ, ಸಾಗರ

ಅಂಚೆ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಆದರೆ ಅದೇ ವರ್ಷ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ಮೇಲೆ ತೆರಿಗೆ. ಎಲ್ಲ ಪುಸ್ತಕಕ್ಕೂ ಅಲ್ಲ. ಪಠ್ಯದ್ದು, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಜಾಹೀರಾತು ಇರಬಾರದು, ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಕಟ್ಟುವ ಮೊದಲು ಒಂದು ಪ್ರತಿ ತಗೊಂಡು ಹೋಗಿ ಕೌಂಟರಿನಲ್ಲಿ ತೋರಿಸಿ ಕೇಳಿ. ಭೂಮಿ ಮಾರ್ಗವಾಗಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿದೆ ಅಂತ ನೋಡಬಹುದು. 128 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದಲ್ಲಿ ಸುಮಾರು 160 ಗ್ರಾಂ ತೂಗುತ್ತದೆ. ದಪ್ಪ ರಟ್ಟು ಸೇರಿದರೂ 300 ದಾಟುವುದಿಲ್ಲ.

ಅಕ್ಕಾ, ಮಾರುವ ವಿಷಯ ಏನು ಮಾಡಿದಿರಿ?


ಗವಂತಿ, ಧಾರವಾಡ

ತಂಗಿ, ಮೂರು ದಿನ ಯೋಚನೆ ಮಾಡಿದೆ. ನೀನು ಹೇಳಿದ್ದು ಸರಿ. ಅಮ್ಮಂದಿರ ಕೈಕೆಲಸಕ್ಕೆ ಬೆಲೆ ಬರಬೇಕು. ಇಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಸೂತಿಯಿಂದಲೇ ಮನೆ ನಡೆಸುತ್ತಾರೆ. ಅವರ ಮುಂದೆ ನಾನು "ಮಾರುವುದಿಲ್ಲ" ಅಂತ ದೊಡ್ಡ ಮಾತು ಆಡುವ ಹಾಗಿಲ್ಲ. ನನಗೆ ಸಂಬಳ ಇದೆ, ಅದಕ್ಕೇ ಈ ಮಾತು ಆಡಲು ಸಾಧ್ಯ.

ಆದರೂ ನಾನು ಮಾರುವುದಿಲ್ಲ. ನನ್ನ ಪುಸ್ತಕಕ್ಕೆ ಬೆಲೆ ಇದೆ, ರಿಯಾಯಿತಿ ಇದೆ, ಕಮಿಷನ್ ಇದೆ, ಎಷ್ಟು ಹೋಯಿತು ಅಂತ ಕೇಳುವವರು ಇದ್ದಾರೆ. ಬೆಳಿಗ್ಗೆ ಬರೆಯುವಾಗಲೂ ಒಮ್ಮೊಮ್ಮೆ ಆ ಲೆಕ್ಕ ಬಂದು ಪಕ್ಕದಲ್ಲಿ ಕೂರುತ್ತದೆ. ಕಸೂತಿ ಹತ್ತಿರ ಅದು ಬರುವುದಿಲ್ಲ. ಅಲ್ಲಿ ನಾನು, ಎಳೆ, ಸೂಜಿ ಅಷ್ಟೇ. ದಿನದಲ್ಲಿ ಅಂಥ ಮುಕ್ಕಾಲು ಗಂಟೆ ಒಂದಾದರೂ ನನಗೆ ಬೇಕು.

ಪುಸ್ತಕ ಮುನ್ನೂರೇ ಹಾಕಿಸುತ್ತೇನೆ. ಫಾರ್ಮು ಹೊಲಿಸಿಯೇ ಕಟ್ಟಿಸುತ್ತೇನೆ. ಈಗ 134 ಪುಟ ಬಂದಿದೆ, 128ಕ್ಕೆ ಇಳಿಸಬೇಕು. ನಾಲ್ಕನೇ ಕಥೆಯಲ್ಲಿ ಒಂದು ಮದುವೆಯ ಊಟದ ವರ್ಣನೆ ಉದ್ದವಾಗಿದೆ, ಅಲ್ಲಿ ಕೈ ಹಾಕುತ್ತೇನೆ. ಸಿಂಗಪುರದ ಅಣ್ಣಾ, ಇ-ಪುಸ್ತಕವೂ ಬರುತ್ತದೆ, ನಿಮ್ಮ ಮಗಳಿಗಾಗಿಯೇ. ಮೈಸೂರಿನ ಅಕ್ಕನಿಗೆ ಕಳಿಸಿದ ದಿನವೇ ಮೆಸೇಜ್ ಮಾಡುತ್ತೇನೆ.

ಮುಖಪುಟ ಮಾತ್ರ ಕಸೂತಿಯದ್ದೇ. ಕಪ್ಪು ಚಂದ್ರಕಾಳಿ ಸೀರೆಯ ತುಂಡಿನ ಮೇಲೆ ಗೋಪುರ, ತುಳಸಿ ಬೃಂದಾವನ, ಒಂದು ತೊಟ್ಟಿಲು. ಹೊಲಿಗೆ ನಾಲ್ಕು ಥರ: ಗೆರೆಗೆ ಗವಂತಿ, ಮೆಟ್ಟಿಲಿಗೆ ಮುರ್ಗಿ, ಒಳಗೆ ತುಂಬಲು ನೇಗಿ, ಕೆಳಗಿನ ಪಟ್ಟಿಗೆ ಮೆಂತೆ. ಅದನ್ನು ಸ್ಕ್ಯಾನ್ ಮಾಡಿ ಹಾಕುತ್ತೇವೆ. ಬಟ್ಟೆ ನನ್ನ ಹತ್ತಿರವೇ ಇರುತ್ತದೆ.


ಅಚ್ಚುಮೊಳೆ, ಗದಗ

ಸ್ಕ್ಯಾನ್ ಮಾಡುವಾಗ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇಡಿ ತಂಗಿ. ಬಟ್ಟೆಗೆ ಇಸ್ತ್ರಿ ಮಾಡಬೇಡಿ, ಹೊಲಿಗೆ ಚಪ್ಪಟೆಯಾಗುತ್ತದೆ. ಹಿಂದಿನಿಂದ ಒದ್ದೆ ಬಟ್ಟೆ ಸವರಿ ಹಲಗೆಗೆ ಪಿನ್ ಹಾಕಿ ಒಣಗಿಸಿ. ಕಪ್ಪು ಬಟ್ಟೆ ಗಾಜಿನ ಮೇಲೆ ಬೂದು ಬಣ್ಣವಾಗಿ ಬರುತ್ತದೆ. ಅದಕ್ಕೆ ಬಿಸಿಲು ಇಳಿದ ಹೊತ್ತಿನಲ್ಲಿ ಕ್ಯಾಮೆರಾದಲ್ಲೂ ಒಂದು ತೆಗೆದು ಎರಡನ್ನೂ ಕೊಡಿ. ಯಾವುದು ಚೆನ್ನಾಗಿ ಬರುತ್ತದೆ ನೋಡೋಣ.


ಹಾವೇರಿ ಹುಡುಗ

ಅಣ್ಣಾವರೇ, ಕೆಳಗಿನಿಂದ ಮೇಲಕ್ಕೆ ಓದಿದೆ. 96 ಪುಟದಲ್ಲಿ 61 ತಪ್ಪು ಸಿಕ್ಕಿತು. ಮೂರು ಸಲ ಓದಿದಾಗಲೂ ಕಂಡಿರಲಿಲ್ಲ.


ಗವಂತಿ, ಧಾರವಾಡ

ಕ್ಯಾಮೆರಾದಲ್ಲಿ ಇವತ್ತು ಸಂಜೆ ತೆಗೆದೆ. ದೊಡ್ಡದು ಮಾಡಿ ನೋಡಿದಾಗ ತೊಟ್ಟಿಲಿನ ಎಡಗಡೆ ಹಗ್ಗದಲ್ಲಿ ಒಂದು ಎಳೆ ತಪ್ಪಿದ್ದು ಕಂಡಿತು. ಬರಿಗಣ್ಣಿಗೆ ಕಾಣುವುದಿಲ್ಲ. ಮನೆಯವರು "ಯಾರು ನೋಡುತ್ತಾರೆ, ಬಿಡು" ಅಂದರು. ಈಗ ಬಿಚ್ಚಲು ಕೂತಿದ್ದೇನೆ. ಹದಿನೇಳು ಹೊಲಿಗೆ ಹಿಂದಕ್ಕೆ ಹೋಗಬೇಕು. ಸೋಮವಾರ ಫೋಟೋ ಕಳಿಸುತ್ತೇನೆ ಅಣ್ಣಾ.